ಸೋಣದ ಹೂವೂ ಸರಕಾರಿ ಸಸಿಯೂ

ನಮ್ಮ ಕರಾವಳಿಯಲ್ಲಿ ಕಮ್ಯುನಿಸ್ಟ್ ಗಿಡವೆಂದು ಕರೆಯುವ ಕಳೆಯ ಸೊಪ್ಪನ್ನು ನೀವು ಎಂದಾದರೂ ಅಂಗೈಯಲ್ಲಿ ಉಜ್ಜಿ ನೋಡಿದ್ದರೆ, ಅದರ ಘಾಟು ಸಾಬೂನಿಗೆ ಸುಲಭವಾಗಿ ಬಗ್ಗುವುದಿಲ್ಲವೆಂಬುದು ನಿಮಗೆ ಗೊತ್ತಿರುತ್ತದೆ. ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲವಿಡೀ ನಾನು ಆ ಘಾಟಿನ ಕೈಯಲ್ಲೇ ಊಟ ಮಾಡಿದವನು. ಶನಿವಾರ ಕಾಪುವಿನ ಮನೆಗೆ ಹೋದರೆ ಉಮ್ಮ ಬಂಗುಡೆ ಮೀನಿನ ಸಾರು ಬಡಿಸುತ್ತಾ, "ನೀನು ಮಕ್ಕಳಿಗೆ ಪಾಠ ಹೇಳಲು ಹೋದದ್ದೋ, ಗುಡ್ಡೆ ಕಡಿಯಲು ಹೋದದ್ದೋ?" ಎಂದು ನಮ್ಮ ಬ್ಯಾರಿ ಭಾಷೆಯಲ್ಲಿ ಕೇಳುತ್ತಿದ್ದರು. ಎರಡಕ್ಕೂ ಎಂದು ನಾನು ಹೆಮ್ಮೆಯಿಂದ ಹೇಳುತ್ತಿದ್ದೆ.

ಕಾರ್ಕಳದ ಕಡೆಯ ಒಂದು ಪ್ರೌಢಶಾಲೆಗೆ ಆಗಷ್ಟೇ ವಿಜ್ಞಾನದ ಮಾಸ್ಟ್ರಾಗಿ ಸೇರಿದ್ದೆ. ಕಡಲ ಮರಳಿನಲ್ಲಿ ಬೆಳೆದ ನನಗೆ ಗುಡ್ಡವೆಂದರೆ ಬಸ್ಸಿನ ಕಿಟಕಿಯಲ್ಲಿ ಹಿಂದೆ ಸರಿಯುವ ಒಂದು ಗೆರೆ, ಅಷ್ಟೇ. ಶಾಲೆಯ ಹಿಂದೆ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಒಂದು ದಿಬ್ಬವಿತ್ತು. ಇಳಿಜಾರಿನ ತುಂಬ ಕಮ್ಯುನಿಸ್ಟ್ ಗಿಡ, ನೆತ್ತಿಯ ಮೇಲೆ ಕಪ್ಪು ಹಾಸುಗಲ್ಲು. ಆ ಗಿಡ ಸಾಗರದಾಚೆಯಿಂದ ಬಂದು ನಮ್ಮ ನೆಲ ಕಬಳಿಸಿದ ಪರದೇಶಿ ಎಂದು ಓದಿಕೊಂಡಿದ್ದ ನಾನು, ಮಕ್ಕಳನ್ನು ಕಟ್ಟಿಕೊಂಡು ಅದರ ಬೇರು ಕೀಳತೊಡಗಿದೆ. ಅದೇ ಹೊತ್ತಿಗೆ ಹೆಡ್‌ಮಾಸ್ಟ್ರು ಸರಕಾರಿ ನರ್ಸರಿಯಿಂದ ಒಂದು ಲಾರಿ ಅಕೇಶಿಯಾ ಸಸಿ ತರಿಸಿದರು. ಬೋಳುಗುಡ್ಡೆ ಹಸಿರಾಗಬೇಕು ಎಂಬುದು ಅವರ ಆಸೆ. ಅದು ನನ್ನ ಆಸೆಯೂ ಆಗಿತ್ತು.

ಹಾಸುಗಲ್ಲಿನ ಸುತ್ತ ಗುಂಡಿ ತೋಡಿಸುತ್ತಿದ್ದಾಗ, ದನದ ಹಟ್ಟಿಗೆ ಸೊಪ್ಪು ಕೊಯ್ಯಲು ಬಂದಿದ್ದ ಅಪ್ಪಿಯಕ್ಕ ಕತ್ತಿ ಹಿಡಿದುಕೊಂಡೇ ನಿಂತು ನೋಡಿದರು. ದಿಬ್ಬದ ಬುಡದಲ್ಲಿ ಅವರ ಮನೆ. ಗಂಡ ತೀರಿಕೊಂಡ ಮೇಲೆ ಒಂದು ದನ ಸಾಕಿಕೊಂಡು, ಬೀಡಿ ಕಟ್ಟಿಕೊಂಡು ಇದ್ದವರು.

"ಇಲ್ಲಿ ಎಂತಕ್ಕೆ ಮಾಸ್ಟ್ರೇ ಸಸಿ?"

"ಇಲ್ಲಿ ಏನೂ ಇಲ್ಲವಲ್ಲ ಅಪ್ಪಿಯಕ್ಕ, ಅದಕ್ಕೆ."

"ಈಗ ಇಲ್ಲ. ಸೋಣದಲ್ಲಿ ಉಂಟು," ಎಂದು ಹೇಳಿ ಅವರು ಇಳಿದುಹೋದರು.

ಆಗಸ್ಟ್ ನಡುವಿಗೆ ತುಳುವರ ಸೋಣ ತಿಂಗಳು ಬಂತು. ಮಳೆ ಹದವಾಗಿ, ನಡುನಡುವೆ ಬಿಸಿಲು ಬೀಳುವ ಆ ದಿನಗಳಲ್ಲಿ ಹಾಸುಗಲ್ಲಿನ ಮೇಲಿನ ಬೆರಳೆತ್ತರದ ಮಣ್ಣಿನಲ್ಲಿ, ಕಡಲೆಕಾಳಿಗಿಂತಲೂ ಸಣ್ಣದಾದ ನೀಲಿ ಹೂಗಳು ಎಷ್ಟು ಒತ್ತಾಗಿ ಅರಳಿದವೆಂದರೆ, ಕಾಪುವಿನ ಕಡಲು ನನ್ನನ್ನು ಹುಡುಕಿಕೊಂಡು ಗುಡ್ಡೆ ಹತ್ತಿ ಬಂದಿದೆಯೋ ಎಂಬ ಭ್ರಮೆಯಾಯಿತು. ಅಪ್ಪಿಯಕ್ಕ ಪುಟ್ಟ ಬುಟ್ಟಿಯಲ್ಲಿ ಅವನ್ನು ಕೊಯ್ಯುತ್ತಿದ್ದರು. ಸೋಣದಲ್ಲಿ ಹೆಂಗಸರು ದಿನವೂ ಹೊಸ್ತಿಲು ತೊಳೆದು ಪೂಜೆ ಮಾಡುತ್ತಾರೆ, ಅದಕ್ಕೆ ಈ ಹೂವೇ ಆಗಬೇಕು ಎಂದು ಅವರಿಂದ ತಿಳಿಯಿತು. ನಾನು ನೋಡಿ ಸಂತೋಷಪಟ್ಟೆ. ಪಕ್ಕದಲ್ಲೇ ಮೊಣಕಾಲೆತ್ತರ ನಿಂತಿದ್ದ ನನ್ನ ಸಸಿಗಳಿಗೂ ಈ ಹೂವಿಗೂ ಏನಾದರೂ ಸಂಬಂಧ ಇರಬಹುದೆಂದು ಹೊಳೆಯಲೇ ಇಲ್ಲ.

ಅಕೇಶಿಯಾ ಬೆಳೆಯುವ ವೇಗ ನಿಮಗೆ ಗೊತ್ತಿರಬಹುದು. ನಾಲ್ಕನೆಯ ಸೋಣದ ಹೊತ್ತಿಗೆ ದಿಬ್ಬದ ಮೇಲೆ ನೆರಳು, ನೆಲದ ಮೇಲೆ ಕುಡುಗೋಲಿನಂತೆ ಬಾಗಿದ ಒಣ ಎಲೆಗಳ ದಪ್ಪ ಹಾಸು. ಅಪ್ಪಿಯಕ್ಕ ಬುಟ್ಟಿ ಹಿಡಿದು ಬಂದರು, ಎಲೆ ಸರಿಸಿ ಸರಿಸಿ ನೋಡಿದರು, ಖಾಲಿ ಬುಟ್ಟಿಯೊಡನೆ ಇಳಿದರು.

ಆ ವಾರವೇ ಉಡುಪಿಗೆ ಹೋಗಿ ಗ್ರಂಥಾಲಯದಲ್ಲಿ ಕೂತು ಅಕೇಶಿಯಾದ ಬಗ್ಗೆ ಓದಿದೆ. ನಾನು ನೆಟ್ಟದ್ದು ಆಸ್ಟ್ರೇಲಿಯಾ ಕಡೆಯ ಮರ. ಒಬ್ಬ ಪರದೇಶಿಯನ್ನು ಓಡಿಸಿ ಇನ್ನೊಬ್ಬನನ್ನು ಕೈಯಾರೆ ಕೂರಿಸಿದ್ದೆ. ಹೆಡ್‌ಮಾಸ್ಟ್ರಲ್ಲಿ ಹೇಳಿದಾಗ ಅವರು ಕನ್ನಡಕ ಒರೆಸುತ್ತಾ, "ಗೇರು ಎಲ್ಲಿಂದ ಬಂತು ಮಾರಾಯರೇ? ನಿಮ್ಮ ಮೀನು ಸಾರಿನ ಮೆಣಸು ಎಲ್ಲಿಂದ ಬಂತು? ಅದನ್ನೂ ಕೀಳುತ್ತೀರಾ?" ಎಂದರು. ಅದಕ್ಕೆ ನನ್ನಲ್ಲಿ ಸರಿಯಾದ ಉತ್ತರ ಇದೆಯೆಂದು ಇಂದಿಗೂ ಹೇಳಲಾರೆ. ಬಂದು ಎಷ್ಟು ಕಾಲವಾದರೆ ಒಂದು ಗಿಡ ನಮ್ಮೂರಿನದಾಗುತ್ತದೆ, ಯಾರನ್ನು ಕೇಳಿ ಆಗುತ್ತದೆ, ಕಾಪುವಿನವನಾದ ನಾನು ಈ ಗುಡ್ಡೆಗೆ ಯಾವ ಲೆಕ್ಕದವನು ಎಂದೆಲ್ಲ ಯೋಚಿಸುತ್ತಾ ಬಸ್ಸು ಇಳಿಯುವ ಸ್ಟಾಪನ್ನೇ ಎರಡು ಬಾರಿ ಮರೆತೆ.

ಕೊನೆಗೆ ತಪ್ಪು ತಿದ್ದುವುದೆಂದು ನಿಶ್ಚಯಿಸಿ ಅಪ್ಪಿಯಕ್ಕನ ಅಂಗಳಕ್ಕೆ ಹೋದೆ. ಮೇಲಿನವರನ್ನು ಹೇಗಾದರೂ ಒಪ್ಪಿಸಿ ಅಷ್ಟೂ ಮರ ಕಡಿಸುತ್ತೇನೆ ಎಂದೆ. ಅವರು ಬೀಡಿಯ ಮೊರವನ್ನು ಪಕ್ಕಕ್ಕಿಟ್ಟು ಗಾಬರಿಯಿಂದ ನೋಡಿದರು.

"ಬೇಡ ಮಾಸ್ಟ್ರೇ. ಒಲೆಗೆ ಎಂತ ಹಾಕಲಿ ನಾನು? ಈ ತರಗೆಲೆ ಬಂದ ಮೇಲೆ ಸೌದೆಗೆಂದು ದೂರದ ಕಾಡಿಗೆ ಹೋಗುವುದು ತಪ್ಪಿದೆ. ಸೊಂಟ ಮೊದಲಿನ ಹಾಗೆ ಇಲ್ಲ."

"ಹಾಗಾದರೆ ಹೂವು?"

"ಹೂವೂ ಬೇಕು," ಎಂದರು. ಎರಡು ಮಾತಿನ ನಡುವೆ ಅವರಿಗೆ ಏನೂ ವಿರೋಧ ಕಾಣಲಿಲ್ಲ. ಗೊಂದಲವೆಲ್ಲ ನನ್ನದು ಮಾತ್ರ.

ಮರುದಿನ ಅವರೇ ನನ್ನನ್ನು ಮೇಲೆ ಕರೆದುಕೊಂಡು ಹೋಗಿ, ಹಾಸುಗಲ್ಲಿಗೆ ನೆರಳು ಬೀಳಿಸುವ ಮರಗಳಿಗಷ್ಟೇ ಸುಣ್ಣದ ಬೊಟ್ಟು ಇಟ್ಟರು. ನೀರು ಯಾವ ಕಡೆ ಹರಿಯುತ್ತದೆ, ಬಿಸಿಲು ಎಲ್ಲಿಂದ ಬರುತ್ತದೆ ಎಂದು ಕೈ ತೋರಿಸುತ್ತಾ ಹೇಳುತ್ತಿದ್ದರು. ನಾಲ್ಕು ವರ್ಷ ಅಲ್ಲೇ ಓಡಾಡಿದ ನಾನು ಹೊಸಬನಂತೆ ಕೇಳಿಸಿಕೊಂಡೆ. ವಾರ್ಷಿಕೋತ್ಸವದ ಚಪ್ಪರಕ್ಕೆ ಕಂಬ ಬೇಕಾಗಿದ್ದರಿಂದ ಹೆಡ್‌ಮಾಸ್ಟ್ರು ಅನುಮತಿ ಬರೆಸಿ ತಂದರು. ಮರ ಬಿತ್ತು, ಹಾಸುಗಲ್ಲಿನ ಮೇಲಿನ ಎಲೆಯನ್ನು ಅಪ್ಪಿಯಕ್ಕ ಗುಡಿಸಿ ಮನೆಗೆ ಹೊತ್ತರು.

ಮರ ಬಿದ್ದ ಮೇಲಿನ ಮೊದಲ ಸೋಣದಲ್ಲಿ ಬರಿಯ ಪಾಚಿ. ಎರಡನೆಯ ಸೋಣದಲ್ಲಿ, ಶಾಲೆ ಬಿಟ್ಟ ಮೇಲೆ ಇಬ್ಬರೂ ಹೋಗಿ ನೋಡಿದಾಗ, ಕಲ್ಲಿನ ಒಂದು ತಗ್ಗಿನಲ್ಲಿ ನೀಲಿ ಕಂಡಿತು. ಒಂದು ಹಿಡಿಯೂ ಆಗದಷ್ಟು. ಅಪ್ಪಿಯಕ್ಕ ಕೂತರು, ಕೈ ಚಾಚಿ ಹಿಂದೆ ತೆಗೆದುಕೊಂಡರು.

"ಕೊಯ್ಯುವುದಿಲ್ಲವಾ?" ಎಂದೆ.

"ಈ ವರ್ಷ ಬೇಡ. ಬೀಜ ಬೀಳಲಿ."

ನನಗೆ ಆದದ್ದು ಸಂತೋಷವೋ, ನಾಚಿಕೆಯೋ ತಿಳಿಯಲಿಲ್ಲ. ಇಳಿಯುವಾಗ ಅವರು ಹೊಸ್ತಿಲ ಪೂಜೆಗೆಂದು ಬೇಲಿಯಲ್ಲಿದ್ದ ಎರಡು ದಾಸವಾಳ ಕಿತ್ತುಕೊಂಡು, ಸೆರಗಿನಲ್ಲಿ ಕಟ್ಟಿ ಮನೆಗೆ ನಡೆದರು.