ಮೈಲುತುತ್ತದಲ್ಲಿ ಮೂವತ್ತಾರು ಪಾಲು ನೀರು

ಲ್ಯಾಬಿನ ಬಾಗಿಲು ಹಾಕಿ ಫ್ಯಾನ್ ಆರಿಸಿಬಿಟ್ಟಿದ್ದರು. ಗಾಳಿ ಬೀಸಿದರೆ ತಕ್ಕಡಿಯ ಅಂಕಿ ನಿಲ್ಲುವುದಿಲ್ಲವಂತೆ. ಹದಿನಾಲ್ಕು ಬರ್ನರ್, ಏಪ್ರಿಲ್ ಸೆಕೆ, ಮೂರು ಗಂಟೆಯ ಪರೀಕ್ಷೆ. ವಿಜಯನಗರದ ನಮ್ಮ ಕಾಲೇಜಿನಲ್ಲಿ ನನಗೆ ಉಳಿದಿದ್ದ ಒಂದೇ ಒಂದು ಬ್ಯಾಕ್‌ಲಾಗ್ ಈ ಕೆಮಿಸ್ಟ್ರಿ ಪ್ರಾಕ್ಟಿಕಲ್. ಪಕ್ಕದ ಬೆಂಚಿನವಳಿಗೂ ಅಷ್ಟೇ. ಅವಳು ಧಾರವಾಡದ ಕಡೆಯವಳು, ಅತ್ತಿಗುಪ್ಪೆಯ ಪಿಜಿಯಲ್ಲಿ ನನ್ನ ರೂಮ್‌ಮೇಟ್. ಪಾಸಾದರೆ ಕೆಂಗೇರಿಯ ಪೇಂಟ್ ಫ್ಯಾಕ್ಟರಿಯ ಲ್ಯಾಬಿನಲ್ಲಿ ಅವಳಿಗೆ ಕೆಲಸ ಕಾದಿತ್ತು. ಇಲ್ಲದಿದ್ದರೆ ಊರಿಗೆ ವಾಪಸ್ ಎಂದು ಅವಳ ಅಪ್ಪ ಹೇಳಿಯಾಗಿತ್ತು.

ಪ್ರಯೋಗ ಸುಲಭದ್ದು. ನೀಲಿ ಮೈಲುತುತ್ತವನ್ನು ಪುಟ್ಟ ಪಿಂಗಾಣಿ ಬಟ್ಟಲಿನಲ್ಲಿ ತೂಗಿ ಕಾಯಿಸಬೇಕು. ಹರಳಿನೊಳಗಿನ ನೀರು ಆವಿಯಾಗಿ ಬಿಳಿ ಪುಡಿ ಉಳಿಯುತ್ತದೆ. ತಣ್ಣಗಾದ ಮೇಲೆ ಮತ್ತೆ ತೂಗಿದರೆ, ಇಳಿದಷ್ಟು ತೂಕ ನೀರಿನದು. ನೂರಕ್ಕೆ ಮೂವತ್ತಾರು ಬರಬೇಕೆಂದು ಎಲ್ಲರಿಗೂ ಗೊತ್ತು. ಗೊತ್ತಿದ್ದ ಮೇಲೆ ತೂಗುವುದು ಯಾವ ಸಂಭ್ರಮಕ್ಕೆ? ಸೀನಿಯರ್‌ಗಳು ನಮಗೆ ಉಲ್ಟಾ ಲೆಕ್ಕ ಕಲಿಸಿದ್ದರು: ಮೊದಲ ತೂಕ ತಕ್ಕಡಿ ನೋಡಿ ಬರಿ, ಕೊನೆಯದು ಮೂವತ್ತಾರು ಬರುವಂತೆ ನೀನೇ ಹಾಕು. ನಾನು ಬರ್ನರ್ ಹಚ್ಚುವ ಮೊದಲೇ ಪೆನ್ನಿನಲ್ಲಿ ಬರೆದುಬಿಟ್ಟೆ. ಅವಳಿಗೂ ಪಿಸುಗುಟ್ಟಿದೆ.

"ಬ್ಯಾಡ ಬಿಡವಾ, ನಾ ಕಾಸೇ ನೋಡ್ತೀನಿ," ಅಂದಳು. ಪೆದ್ದಿ ಅಂದುಕೊಂಡೆ.

ಕಾಯಿಸಿ ತೂಗಿ ಲೆಕ್ಕ ಹಾಕಿದೆ. ಮೂವತ್ತು ಕೂಡ ಬಂದಿರಲಿಲ್ಲ. ಆಗ ನಾವಿಬ್ಬರೂ ಹರಳು ತೆಗೆದುಕೊಂಡಿದ್ದ ಬಾಟಲಿಯತ್ತ ನೋಡಿದೆ. ಮುಚ್ಚಳ ಸಡಿಲ, ಹರಳುಗಳ ಮೇಲೆಲ್ಲ ಬಿಳಿ ಪುಡಿ. ಒಂದಷ್ಟು ನೀರು ನಾವು ಬರುವ ಮೊದಲೇ ಆರಿಹೋಗಿತ್ತು. ಪೆನ್ನಿನಲ್ಲಿ ಬರೆದದ್ದನ್ನು ತಿದ್ದಿದರೂ ಸಿಕ್ಕಿಬೀಳುತ್ತೇನೆ, ಯಾರಾದರೂ ಬಟ್ಟಲು ತೂಗಿ ನೋಡಿದರೂ ಸಿಕ್ಕಿಬೀಳುತ್ತೇನೆ. ಹಾಳಾದ ಬುದ್ಧಿ, ಇನ್ನಷ್ಟು ಕಾಯಿಸಿದರೆ ತೂಕ ಇಳಿದೀತೆಂದು ಉರಿ ಜೋರು ಮಾಡಿದೆ. ಮೂಗಿಗೆ ಘಾಟು ಹೊಡೆಯಿತು, ಪುಡಿ ಕಪ್ಪಾಯಿತು. ಮೈಲುತುತ್ತವೇ ಸುಟ್ಟುಹೋಗಿತ್ತು. ಬಟ್ಟಲಿಗೆ ಮುಚ್ಚಳ ಮುಚ್ಚಿ ಬೆವರು ಒರೆಸಿಕೊಳ್ಳುತ್ತಾ ನಿಂತೆ.

ಎಕ್ಸಾಮಿನರ್ ಮೇಡಂ ಮೊದಲು ಅವಳ ಹತ್ತಿರ ಬಂದರು.

"ಇಪ್ಪತ್ತೊಂಬತ್ತೂವರೆನಾ? ಸರಿಯಾಗಿ ಕಾಯಿಸಲೇ ಇಲ್ವೇನಮ್ಮಾ?"

"ಮೂರು ಸಲ ಕಾಸೇನ್ರಿ ಮೇಡಂ, ಅಷ್ಟ ಬರಾಕತ್ತೈತ್ರಿ. ಬಾಟ್ಲಿಯಾಗಿಂದ ಮೊದಲ ಒಣಗಿತ್ತೇನೋ ಅನಸ್ತೈತ್ರಿ."

ಮೇಡಂ ನನ್ನ ಕಡೆ ತಿರುಗಿದರು. "ನೀನೂ ಅದೇ ಬಾಟ್ಲಲ್ಲಿ ತಗೊಂಡಿದ್ದು ತಾನೆ? ನಿಂದೆಷ್ಟು ಬಂತು?"

ಅತ್ತ ದರಿ, ಇತ್ತ ಪುಲಿ. ಬಾಯಿಬಿಟ್ಟರೆ ನನ್ನ ಪೇಪರ್ ಹೋಗುತ್ತದೆ, ಬಿಡದಿದ್ದರೆ ಅವಳದು. ಬಾಗಿಲು ಹಾಕಿತ್ತು. ಉಸಿರಾಡಲೂ ಗಾಳಿ ಇರಲಿಲ್ಲ.

"ಮೂವತ್ತಾರು, ಮೇಡಂ." ಥೂ, ನನ್ನ ನಾಲಿಗೆ ಬಿದ್ದುಹೋಗಬಾರದಿತ್ತೆ.

"ನೋಡಮ್ಮಾ, ಬಾಟ್ಲಿಗೇನೂ ಆಗಿಲ್ಲ." ಅವಳ ರೀಡಿಂಗ್‌ಗೆ ಕೆಂಪು ಗೀಟೆಳೆದು ಸೊನ್ನೆ ಹಾಕಿದರು. ಅಷ್ಟು ಮಾರ್ಕ್ಸ್ ಹೋದ ಮೇಲೆ ಪಾಸು ಕನಸಿನ ಮಾತು. ನನ್ನ ಬಟ್ಟಲಿನ ಮುಚ್ಚಳವನ್ನು ಅವರು ಎತ್ತಿಯೂ ನೋಡಲಿಲ್ಲ. ಅವರು ಹೋದ ಮೇಲೆ ಸಿಂಕಿನಲ್ಲಿ ಎಷ್ಟು ತಿಕ್ಕಿದರೂ ಬಟ್ಟಲಿನ ಕಪ್ಪು ಬಿಡಲಿಲ್ಲ.

ಪಿಜಿಗೆ ನಡೆದುಕೊಂಡು ಹೋಗುವಾಗ ನಿಜ ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದೆ. ಅವಳು ಬೈದಿದ್ದರೆ ಹೇಳಿಬಿಡುತ್ತಿದ್ದೆನೇನೋ. ಮೆಟ್ರೋ ಸ್ಟೇಷನ್ನಿನ ಕೆಳಗೆ ಅವಳು ನನ್ನ ಕೈ ಹಿಡಿದುಕೊಂಡಳು.

"ನಿಂದು ಬರೋಬ್ಬರಿ ಬಂದೈತಲ್ಲ. ಮುಂದಿನ ಸಲದಾಗ ನನಗ ಕಲಿಸ್ತಿಯೇನು, ಹೆಂಗ ಕಾಸೋದು ಅಂತ?"

"ಹೂಂ ಕಣೇ," ಅಂದೆ.