ಬಾಗಿಲಾಚೆಯ ಎರಡು ಬಡಿತ

ಚಳ್ಳಕೆರೆಯಲ್ಲಿ ಚಾಂದ್ ಪಾಷನ ಲಾರಿ ಗ್ಯಾರೇಜು ಎಲ್ಲಿ ಎಂದು ಕೇಳಿದರೆ ಯಾರಾದರೂ ಕೈ ತೋರಿಸುತ್ತಿದ್ದರು. ಅವನ ಮಗ ಜುಲ್ಫಿಕರ್ ವಿಮಾನ ಓಡಿಸುತ್ತಾನೆ ಎಂದರೆ ಮಾತ್ರ ಅದೇ ಜನ ಮುಸಿಮುಸಿ ನಗುತ್ತಿದ್ದರು. ನಮ್ಮ ಊರಿನ ಬುದ್ಧಿಯೇ ಹಾಗೆ. ಯಾರಾದರೂ ನೆಲ ಬಿಟ್ಟು ಒಂದು ಗೇಣು ಮೇಲೆದ್ದರೆ ಹೊಟ್ಟೆ ಉರಿದುಕೊಳ್ಳುತ್ತದೆ. ಇಂಜಿನ್ ಬಿಚ್ಚುವ ಕೆಲಸಕ್ಕೆಂದು ಜಕ್ಕೂರಿಗೆ ಹೋದ ಹುಡುಗ ಅಲ್ಲೇ ಹಾರಾಟ ಕಲಿತು ಲೈಸೆನ್ಸ್ ಸಮೇತ ಬಂದಿದ್ದ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಹವ್ಯಾಸಿಗಳ ಒಂದು ಸಂಘ ಚಳಿಗಾಲದಲ್ಲಿ ದನ ಮೇಯುವ ಉಳ್ಳಾರ್ತಿ ಕಾವಲಿನ ಅಂಚಿಗೆ ಬಂದು ಡೇರೆ ಹಾಕುತ್ತಿತ್ತು. ಪ್ಯಾರಾಚೂಟು ಕಟ್ಟಿಕೊಂಡು ಆಕಾಶದಿಂದ ಧುಮುಕುವುದು ಅವರ ಹುಚ್ಚು, ಅವರನ್ನು ಮೇಲಕ್ಕೆ ಒಯ್ದು ಬಿಟ್ಟುಬರುವುದು ಜುಲ್ಫಿಕರನ ಕೆಲಸ. ಸುತ್ತಲ ಹಳ್ಳಿಯವರು ಅದಕ್ಕೆ ಛತ್ರಿ ವಿಮಾನ ಎಂದೇ ಹೆಸರಿಟ್ಟಿದ್ದರು.

ಒಯ್ದು ಬಿಡುವುದೇನು ಮಹಾ ಕೆಲಸ ಎನ್ನಬೇಡಿ. ಕಾವಲಿನ ಹುಲ್ಲುಕಡ್ಡಿ ಅಲುಗದ ದಿನವೂ ಹತ್ತು ಸಾವಿರ ಅಡಿ ಮೇಲೆ ಗಾಳಿ ರೊಚ್ಚಿಗೆದ್ದಿರುತ್ತದೆ. ಅದು ಯಾವ ಕಡೆ ಎಷ್ಟು ಎಳೆಯುತ್ತದೆಂದು ಲೆಕ್ಕ ಹಾಕಿ, ಇಳಿಯುವ ಬಯಲನ್ನು ದಾಟಿ ಅಷ್ಟು ದೂರ ಗಾಳಿಗೆ ಎದುರಾಗಿ ಹೋಗಿ ಜನರನ್ನು ಬಿಡಬೇಕು. ಆಮೇಲೆ ಗಾಳಿಯೇ ಅವರನ್ನು ಬಯಲಿಗೆ ತಂದು ಇಳಿಸುತ್ತದೆ. ಎದುರುಗಾಳಿ ಜೋರಿದ್ದಷ್ಟೂ ವಿಮಾನ ನೆಲದ ಮೇಲೆ ನಿಧಾನವಾಗಿ ಸರಿಯುತ್ತದೆ. ಆಗ ಒಬ್ಬನ ಹಿಂದೆಯೇ ಇನ್ನೊಬ್ಬ ಧುಮುಕಿದರೆ ಇಬ್ಬರೂ ಹೆಚ್ಚುಕಡಿಮೆ ಒಂದೇ ಜಾಗದ ಮೇಲೆ ಬೀಳುತ್ತಾರೆ, ಕೆಳಗಿನವನ ಛತ್ರಿ ಬಿಚ್ಚುವಷ್ಟರಲ್ಲಿ ಮೇಲಿನವನು ಅದಕ್ಕೆ ಅಪ್ಪಳಿಸುತ್ತಾನೆ. ಆದ್ದರಿಂದ ನಡುವೆ ಕಾಯಬೇಕು, ಗಾಳಿ ಹೆಚ್ಚಿದ್ದ ದಿನ ಹೆಚ್ಚು ಕಾಯಬೇಕು. ಜುಲ್ಫಿಕರ್ ನೆಲದ ಮೇಲೆ ಎರಡು ಗುರುತು ಹಿಡಿದುಕೊಳ್ಳುತ್ತಿದ್ದ. ಒಬ್ಬ ದನ ನೀರು ಕುಡಿಯುವ ಗೋಕಟ್ಟೆಯ ಮೇಲೆ ಧುಮುಕಿದರೆ, ವಿಮಾನ ಬಂಡಿಜಾಡು ದಾಟುವ ತನಕ ಮುಂದಿನವನಿಗೆ ಅಪ್ಪಣೆಯಿಲ್ಲ. ಅಲ್ಲಿಯವರೆಗೆ ತಡೆ ಎಂಬಂತೆ ಅವನ ಬಲಗೈ ಮೇಲೆಯೇ ಇರುತ್ತಿತ್ತು.

ಎಣ್ಣೆ ಮಿಲ್ಲಿನ ಮನೆಯ ಮಹಾಂತೇಶ್ ಅವನ ಚಡ್ಡಿದೋಸ್ತ್. ಛತ್ರಿಯ ಹುಚ್ಚು ಹಿಡಿದ ನಮ್ಮೂರಿನವರಲ್ಲಿ ಅವನೇ ಮೊದಲು. ಲಾರಿ ಕ್ಲೀನರುಗಳು ‘ರೈಟ್’ ಎನ್ನುವಾಗ ಗಾಡಿಯ ಮೈಗೆ ಎರಡು ಸಲ ಬಡಿಯುತ್ತಾರಲ್ಲ, ಹಾಗೆ ಬಾಗಿಲಾಚೆಯ ಮೆಟ್ಟಿಲ ಮೇಲೆ ನಿಂತು ತಗಡಿಗೆ ಎರಡು ಬಡಿದು ಧುಮುಕುತ್ತಿದ್ದ. ಹೋಟೆಲಿನಲ್ಲಿ ಚಹಾ ತಡವಾದರೆ ಅಡುಗೆಮನೆಗೇ ನುಗ್ಗುವ ಆಸಾಮಿ. ತೊಂಬತ್ತಾರರ ಜನವರಿಯ ಒಂದು ಬೆಳಿಗ್ಗೆ ಜುಲ್ಫಿಕರನ ಕೈ ಇನ್ನೂ ಮೇಲಿದ್ದಾಗಲೇ ಎರಡು ಬಡಿದು ಹೊರಟುಬಿಟ್ಟ. ಮುಂಚೆ ಧುಮುಕಿದ್ದವನು ಕಾಲು ಮುರಿದುಕೊಂಡು ಬದುಕಿದ. ಮಹಾಂತೇಶ್ ಉಳಿಯಲಿಲ್ಲ.

ಊರಿನವರು ಡ್ರೈವರನದೇ ತಪ್ಪು ಎಂದರು. ಮಹಾಂತೇಶನ ತಾಯಿ ತಿಪ್ಪೇರುದ್ರಮ್ಮ ಮಾತ್ರ ಅವನನ್ನು ಮನೆಗೆ ಕರೆಸಿ, “ನೀನು ಕೈ ಎತ್ತಿದ್ಯೇನಪ್ಪ?” ಎಂದು ಕೇಳಿದಳು. “ಎತ್ತಿದ್ದೆ ಅವ್ವಾ” ಎಂದ. ಆಕೆ ನಂಬಿದಳು, ಮತ್ತೆ ಆ ಮಾತು ಎತ್ತಲಿಲ್ಲ.

ಮುಂದಿನ ಚಳಿಗಾಲದ ಮೊದಲ ಹಾರಾಟ. ಕೊನೆಯವನೂ ಧುಮುಕಿ ವಿಮಾನ ಖಾಲಿಯಾಗಿತ್ತು. ಇಳಿಯಲು ತಿರುಗಿಸಬೇಕು ಎನ್ನುವಷ್ಟರಲ್ಲಿ ತೆರೆದ ಬಾಗಿಲಾಚೆ ಯಾರೋ ತಗಡಿಗೆ ಎರಡು ಸಲ ಬಡಿದರು. ಆಮೇಲೆ ಆಳೊಬ್ಬ ಮೆಟ್ಟಿಲು ಬಿಟ್ಟಂತೆ ಬಲರೆಕ್ಕೆ ಹಗುರಾಗಿ ಮೇಲೆದ್ದಿತು. ಜುಲ್ಫಿಕರ್ ಇಳಿದವನೇ ಒಂದೊಂದು ಬೋಲ್ಟೂ ಮುಟ್ಟಿ ನೋಡಿದ, ಎಲ್ಲ ಬಿಗಿಯಾಗಿದ್ದವು. ಮಾರನೆಯ ದಿನವೂ ಹಾಗೇ ಆಯಿತು, ಅದರಾಚೆಯ ದಿನವೂ.

ಮನೆಯಲ್ಲಿ ತಾಯಿ ಚಮನ್ ಬೀಗೆ ಮಾತ್ರ ಹೇಳಿದ. ಆಕೆ ಹೆದರಲಿಲ್ಲ. “ಉಸ್ಕು ಕ್ಯಾ ಹೋನಾ, ಪೂಛ್ ಬೇಟಾ” ಎಂದಳು. ಅವನಿಗೇನು ಬೇಕು ಕೇಳು ಎಂದು. ಕೇಳುವುದು ಹೇಗೆ?

ಕ್ರಮೇಣ ಅವನು ಒಂದು ವಿಷಯ ಗಮನಿಸಿದ. ಆ ಬಡಿತ ಯಾವಾಗಲೂ ಸರಿಯಾದ ಗುರುತಿನ ಮೇಲೇ ಬೀಳುತ್ತಿತ್ತು. ಗಾಳಿ ಮಂದವಿದ್ದ ದಿನ ಬೇಗ, ಬಿರುಸಾಗಿದ್ದ ದಿನ ತಡವಾಗಿ. ಬದುಕಿದ್ದಾಗ ಕಾಯದವನು ಈಗ ಕಾದು ಧುಮುಕುತ್ತಿದ್ದ. ಹೆದರಿಕೆ ರೂಢಿಯಾಯಿತು, ರೂಢಿ ಪ್ರೀತಿಯಾಯಿತು. ಆ ಎರಡು ಬಡಿತ ಕೇಳಿಸದಿದ್ದರೆ ಅವನಿಗೆ ದಿನವೇ ತುಂಬುತ್ತಿರಲಿಲ್ಲ. ಬೆಳಗಿನ ಮೊದಲ ಹಾರಾಟದಲ್ಲಿ ಗೆಳೆಯ ಎಷ್ಟು ಕಾಯುತ್ತಾನೆ ನೋಡಿ, ಆ ದಿನದ ಉಳಿದ ಹಾರಾಟಗಳಲ್ಲೆಲ್ಲ ಅಷ್ಟೇ ಹೊತ್ತು ಕೈಯೆತ್ತತೊಡಗಿದ. ನೆಲದ ಗುರುತು ನೋಡುವುದನ್ನೇ ಬಿಟ್ಟ. ಎರಡು ಚಳಿಗಾಲ ಹೀಗೇ ನಡೆಯಿತು, ಒಮ್ಮೆಯೂ ತಪ್ಪಲಿಲ್ಲ.

ತೊಂಬತ್ತೊಂಬತ್ತರಲ್ಲಿ ಸಂಕ್ರಾಂತಿ ಕಳೆದ ಮೇಲೆ ಮಹಾಂತೇಶನ ತಂಗಿ ದಾಕ್ಷಾಯಿಣಿ ಕಾವಲಿಗೆ ಬಂದಳು. ತಳಕಿನ ಶಾಲೆಯಲ್ಲಿ ಮೇಡಂ ಆಗಿದ್ದವಳು ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಹೋಗಿ ಛತ್ರಿಯ ವಿದ್ಯೆ ಕಲಿತು, ಕೆಲವು ಸಲ ಧುಮುಕಿಯೂ ಇದ್ದಳು. “ಜುಲ್ಫಿ ಅಣ್ಣ, ನಮ್ಮಣ್ಣ ಹೋದ ಜಾಗದಾಗೇ ನಾನು ಒಂದ್ಸಲ ಹಾರ್ಬೇಕು” ಎಂದಳು. ಹಿಂದೆ ನಿಂತಿದ್ದ ತಿಪ್ಪೇರುದ್ರಮ್ಮ ಅವನ ಎರಡೂ ಕೈ ಹಿಡಿದುಕೊಂಡಳು. “ನನಗೀಗ ಉಳಿದಿರೋದು ಇವಳೊಬ್ಬಳೇ ಕಣಪ್ಪ. ನಿನ್ನ ಕೈಯಾಗೆ ಕೊಟ್ಟೀನಿ, ಜೀವಂತ ತಂದುಕೊಡು.”

ಆ ಬೆಳಿಗ್ಗೆ ನೆಲದಲ್ಲಿ ಹೊಗೆ ನೇರ ಮೇಲೇಳುತ್ತಿತ್ತು. ಆದರೆ ಮೊದಲ ಹಾರಾಟದಲ್ಲೇ ಮೇಲಿನ ಗಾಳಿ ವಿಮಾನದ ಎದೆಗೆ ಕೈಯೊಡ್ಡಿ ನಿಲ್ಲಿಸಿದಂತಿತ್ತು. ಕೊನೆಯವನು ಧುಮುಕಿದ. ಜುಲ್ಫಿಕರ್ ಕಿವಿಗೊಟ್ಟು ಕೂತ. ಎರಡು ಬಡಿತ ತಕ್ಷಣವೇ ಬಿತ್ತು. ಇಷ್ಟು ಬೇಗವೇ ಎಂದು ಬಹಳ ದಿನದ ಮೇಲೆ ಬಗ್ಗಿ ನೆಲ ನೋಡಿದ. ಗೋಕಟ್ಟೆ ಇನ್ನೂ ಚಕ್ರದ ಕೆಳಗೇ ಇತ್ತು, ಬಂಡಿಜಾಡು ಎಲ್ಲೋ ದೂರದಲ್ಲಿತ್ತು.

ಎರಡು ವರ್ಷ ಸುಳ್ಳಾಡದ ಗೆಳೆಯ ಇವತ್ತು ಸುಳ್ಳಾಡಿದ್ದ. ಮುಂದಿನ ಹಾರಾಟದಲ್ಲಿ ದಾಕ್ಷಾಯಿಣಿ ಇದ್ದಳು. ಅವನಿಗೇನು ಬೇಕು ಎಂಬುದು ಆಗ ಜುಲ್ಫಿಕರನಿಗೆ ಹೊಳೆಯಿತು.

ಇಳಿದವನೇ, ಧುಮುಕುವುದನ್ನು ಕಲಿಸುತ್ತಿದ್ದ ತನ್ನ ಚಿಕ್ಕಪ್ಪನ ಮಗ ಶಾಹಿದನಿಗೆ, “ಇವತ್ತು ಬ್ಯಾಡ ಕಣೋ, ಗಾಳಿ ಸರಿಯಿಲ್ಲ” ಎಂದ.

“ಏನ್ ಭಾಯ್, ಎಲೆ ಅಲುಗ್ತಿಲ್ಲ! ಮೇಲೆ ಜೋರಿದ್ರೆ ಇನ್ನೊಂದಿಷ್ಟು ಕಾಯೋಣ, ಅಷ್ಟೇ ತಾನೆ?” ಎಂದು ಶಾಹಿದ್ ನಕ್ಕ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಸತ್ತವನು ತಗಡು ಬಡಿಯುತ್ತಾನೆಂದು ಯಾರ ಮುಂದೆ ಹೇಳುವುದು? ದಾಕ್ಷಾಯಿಣಿ ಆಗಲೇ ಛತ್ರಿ ಬಿಗಿದುಕೊಂಡು ಹತ್ತಿ ಕೂತಿದ್ದಳು.

ಗೋಕಟ್ಟೆಯ ಮೇಲೆ ಶಾಹಿದ್ ಧುಮುಕಿದ. ಜುಲ್ಫಿಕರ್ ಕೈ ಎತ್ತಿದ. ದಾಕ್ಷಾಯಿಣಿ ಮೆಟ್ಟಿಲಿಗೆ ಇಳಿದು, ರೆಕ್ಕೆಯ ಆನಿಕೆ ಕಂಬವನ್ನು ಎರಡೂ ಕೈಯಿಂದ ಹಿಡಿದು ನಿಂತಳು. ಆಗ ಬಾಗಿಲ ಪಕ್ಕದ ತಗಡಿನ ಮೇಲೆ ಬಡಿತ ಬಿತ್ತು, ಒಂದು, ಎರಡು. ಬಡಿದದ್ದು ಅವಳಲ್ಲ, ಅವಳ ಕೈಗಳು ಕಂಬದ ಮೇಲಿದ್ದವು. ಅವಳಿಗೂ ಅದು ಕೇಳಿಸಿತು. ಮುಖದಲ್ಲಿ ಒಂದು ನಗು ಬಂತು, ಬೆರಳುಗಳು ಸಡಿಲವಾದವು.

“ಹೋಲ್ಡಾನ್!” ಎಂದು ಜುಲ್ಫಿಕರ್ ಗಂಟಲು ಹರಿಯುವಂತೆ ಕೂಗಿದ.

ಅವಳು ಬೆಚ್ಚಿ ಮತ್ತೆ ಕಂಬ ಹಿಡಿದಳು. ಬಡಿತ ನಿಲ್ಲಲಿಲ್ಲ. ಎರಡು, ಮತ್ತೆರಡು, ಆಮೇಲೆ ಒಂದೇ ಸಮನೆ. ಆ ಹುಡುಗಿ ಒಬ್ಬಳ ಭಾರಕ್ಕೆ ಬಗ್ಗದಷ್ಟು ವಿಮಾನ ಬಲಕ್ಕೆ ಬಗ್ಗಿತು. ಜುಲ್ಫಿಕರನ ಕೈ ಎತ್ತಿಯೇ ಇತ್ತು, ಕಣ್ಣು ಬಂಡಿಜಾಡಿನ ಮೇಲಿತ್ತು, ಅದು ಬರಲೊಲ್ಲದು. ಎಲ್ಲರಿಗಾಗಿ ಕಾಯಲು ಕಲಿತಿದ್ದ ಗೆಳೆಯನಿಗೆ ತನ್ನ ತಂಗಿಯ ಪಾಲಿಗೆ ಮಾತ್ರ ಹಳೆಯ ಅವಸರ ಬಂದಿತ್ತು. ಹಗೆ ಅಲ್ಲ, ಅವಳನ್ನು ಕಾಣುವ ಆಸೆ. ಅದು ಹಗೆಗಿಂತ ಭಯಂಕರವಾಗಿತ್ತು.

“ಲೇ ಮಹಾಂತೇಶ, ನಿಂತ್ಕೊಳ್ಲೇ!” ಎಂದು ಖಾಲಿ ಜಾಗಕ್ಕೆ ಕೂಗಿದ. “ನಿನ್ನ ತಂಗಿ ಕಣ್ಲೇ ಅವಳು! ಕೆಳಗೆ ಅವ್ವ ಕಾಯ್ತಾ ಐತೆ, ನಿಂತ್ಕೋ!”

ಬಡಿತ ನಿಂತಿತು.

ಬಂಡಿಜಾಡು ಚಕ್ರದ ಕೆಳಗೆ ಬಂದು ದಾಟಿತು. ಜುಲ್ಫಿಕರ್ ಕೈ ಇಳಿಸಿದ, ದಾಕ್ಷಾಯಿಣಿ ಧುಮುಕಿದಳು. ಅವಳ ಹಳದಿ ಛತ್ರಿ ಶಾಹಿದನ ಛತ್ರಿಯಿಂದ ದೂರದಲ್ಲಿ ನಿಧಾನಕ್ಕೆ ಅರಳುವುದನ್ನು ನೋಡಿ ಅವನ ಕಣ್ಣು ಮಂಜಾಯಿತು. ಆದರೆ ಅವಳು ಹೋದ ಮೇಲೂ ಬಲರೆಕ್ಕೆ ಮೇಲೇಳಲಿಲ್ಲ. ಇಳಿಯುವ ತನಕ ಎಡಕ್ಕೆ ಎಳೆದು ಹಿಡಿದೇ ಓಡಿಸಬೇಕಾಯಿತು. ನೆಲ ಮುಟ್ಟಿದ ಮೇಲೂ ವಿಮಾನ ಬಲಕ್ಕೆ ವಾಲಿಕೊಂಡೇ ನಿಂತಿತು.

ದಾಕ್ಷಾಯಿಣಿ ಓಡಿಬಂದು ತಾಯಿಯನ್ನು ತಬ್ಬಿಕೊಂಡಳು. “ಅಣ್ಣ ಬಂದಿದ್ದ ಅವ್ವ. ನಾನು ಕೈ ಬಿಡೋದ್ರಾಗಿದ್ದೆ. ಇವರು ಕೂಗಿದ್ರು.”

ತಿಪ್ಪೇರುದ್ರಮ್ಮ ಜುಲ್ಫಿಕರನತ್ತ ತಿರುಗಿದಳು. “ನಿಜಾನೇನಪ್ಪ?”

“ಹೂನವ್ವಾ. ನಿಂತ್ಕೋ ಅಂದೆ, ನಿಂತ್ಕೊಂಡ.”

ಆಕೆ ವಾಲಿದ ವಿಮಾನವನ್ನೂ ಬರಿದಾದ ಮೆಟ್ಟಿಲನ್ನೂ ನೋಡಿದಳು. ಮಗಳನ್ನು ಹಿಡಿದಿದ್ದ ಕೈ ಬಿಡಲಿಲ್ಲ.

“ಇನ್ನೂ ನಿಂತಾನಾ?”

“ನಿಂತಾನವ್ವಾ.”

“ಹಂಗಾದ್ರೆ ಹೋಗು ಅನ್ನಪ್ಪ ಅವನಿಗೆ” ಎಂದಳು. “ಎಷ್ಟೊತ್ತು ಅಂತ ನಿಲ್ಲಿಸ್ಕೊತೀಯಾ ನನ್ನ ಮಗನ್ನ.”

ಜುಲ್ಫಿಕರ್ ಯಾರನ್ನೂ ಹತ್ತಿಸಿಕೊಳ್ಳದೆ ಮತ್ತೆ ಮೇಲಕ್ಕೆ ಹೋದ. ಗೋಕಟ್ಟೆಯ ಮೇಲೆ ಕೈ ಎತ್ತಿದ. ಗಾಳಿ ಇನ್ನೂ ಬಿರುಸಾಗಿತ್ತು, ಪೂರ್ತಿ ಕಾದ. ಬಂಡಿಜಾಡು ದಾಟಿದ ಮೇಲೆ ಕೈ ಇಳಿಸಿ, “ರೈಟ್” ಎಂದ. ಬಲರೆಕ್ಕೆ ಹಗುರಾಗಿ ಮೇಲೆದ್ದಿತು. ಕೆಳಗೆ ಬಯಲಿನಲ್ಲಿ ತಿಪ್ಪೇರುದ್ರಮ್ಮ ಕಣ್ಣಿಗೆ ಕೈಯಡ್ಡ ಹಿಡಿದು, ಆಕಾಶದಲ್ಲಿ ಏನೋ ಇಳಿದುಬರುವುದನ್ನು ನೋಡುವವಳಂತೆ ತಲೆಯನ್ನು ನಿಧಾನಕ್ಕೆ ಬಗ್ಗಿಸುತ್ತಿದ್ದಳು ಎಂದು ಶಾಹಿದ್ ಆಮೇಲೆ ಹೇಳಿದ. ಅವಳಿಗೆ ಕಂಡದ್ದೇನೆಂದು ಜುಲ್ಫಿಕರ್ ಯಾವತ್ತೂ ಕೇಳಲಿಲ್ಲ.