ಸ್ಟೆಪ್ನಿಯನ್ನು ಹಿಂದಕ್ಕೆ ಸರಿಸಿದ ದಿನ

ಸೈನ್ಯದಲ್ಲಿ ಇಪ್ಪತ್ತು ವರ್ಷ ಲಾರಿ ಓಡಿಸಿ ನಿವೃತ್ತನಾದವನು ಊರಿಗೆ ಮರಳದೆ ದೆಹಲಿಯ ರೋಹಿಣಿಯಲ್ಲೇ ಮನೆ ಮಾಡಿ, ಹತ್ತಿರದ ಟ್ರಾನ್ಸ್‌ಪೋರ್ಟ್ ಕಂಪನಿಯೊಂದರಲ್ಲಿ ಯಾರ್ಡ್ ಸೂಪರ್‌ವೈಸರ್ ಆಗಿ ಸೇರಿದೆ. ನನ್ನ ಮೇಲೊಬ್ಬ ಮ್ಯಾನೇಜರ್ ಇದ್ದ, ಮಾಲೀಕರ ಅಳಿಯ. ಲಾರಿಯ ಬಗ್ಗೆ ಅವನಿಗೆ ಗೊತ್ತಿದ್ದದ್ದು ಅದರ ಬಣ್ಣ ಮಾತ್ರ. ಆದರೂ ‘ನನಗೆ ಗೊತ್ತಿಲ್ಲ’ ಎಂಬ ಮಾತನ್ನು ಅವನ ಬಾಯಿಂದ ಕೇಳಿದವರಿರಲಿಲ್ಲ.

ಒಂದು ಶನಿವಾರ ಬೆಳಿಗ್ಗೆ ಹೊಸ ಟ್ರೇಲರ್ ಗಾಡಿಯ ಡ್ರೈವರ್ ಬಂದು, ಮಾಲು ತುಂಬಿದ ಮೇಲೆ ಸ್ಟೀರಿಂಗ್ ತಿರುಗಿಸಲಿಕ್ಕೇ ಆಗುತ್ತಿಲ್ಲ ಎಂದ. ಐವತ್ತು ದಾಟಿದ ಮನುಷ್ಯ, ಸುಮ್ಮಸುಮ್ಮನೆ ದೂರುವವನಲ್ಲ. ಹೋಗಿ ನೋಡಿದೆ. ಮುಂದಿನ ಟೈರುಗಳು ಅಪ್ಪಚ್ಚಿಯಾಗುವಷ್ಟು ಕುಗ್ಗಿದ್ದವು. ಒಟ್ಟು ಭಾರ ಸರಿಯಿದ್ದರೂ ಮುಂದಿನ ಆಕ್ಸಲ್ ತನ್ನ ಮಿತಿ ಮೀರಿ ಹೊತ್ತಿತ್ತು.

ಉಪಾಯವೇನೋ ಸುಲಭದ್ದೇ. ಎಂಜಿನ್ ಗಾಡಿಯ ಬೆನ್ನಿನ ಮೇಲೆ ಟ್ರೇಲರಿನ ಮೂತಿ ಕೂರುವ ದಪ್ಪನೆಯ ಕಬ್ಬಿಣದ ತಟ್ಟೆಯೊಂದಿರುತ್ತದೆ. ಹೆಸರು ಫಿಫ್ತ್ ವೀಲ್. ಆದರೆ ಅದು ಚಕ್ರವಲ್ಲ. ಈ ಗಾಡಿಯಲ್ಲಿ ಅದನ್ನು ಗೇಣುದ್ದ ಹಿಂದಕ್ಕೆ ಸರಿಸಿದರೆ ಮುಂದಿನ ಹೊರೆ ಹಿಂದಿನ ಚಕ್ರಗಳಿಗೆ ಹೋಗುತ್ತಿತ್ತು. ಚೀಟಿಗೆ ತನ್ನ ಸಹಿಯಿಲ್ಲದೆ ಯಾರೂ ಸ್ಪ್ಯಾನರ್ ಮುಟ್ಟಕೂಡದು ಎಂಬುದು ಮ್ಯಾನೇಜರ್ ಸಾಹೇಬರ ಕಾನೂನು. ‘ಫಿಫ್ತ್ ವೀಲ್ ಹಿಂದಕ್ಕೆ ಸರಿಸಬೇಕು’ ಎಂದು ಬರೆದು ಕಳಿಸಿದೆ.

ಗಂಟೆಯೊಳಗೆ ಅವನೇ ಬಂದ. “ಅಂಕಲ್‌ಜೀ, ಹೋ ಗಯಾ. ನಾನೇ ನಿಂತು ಮಾಡಿಸಿದೆ.”

ಮಾಡಿಸಿದ್ದು ಇಷ್ಟು: ಕ್ಯಾಬಿನ್ನಿನ ಹಿಂದೆ ಇದ್ದ ಸ್ಟೆಪ್ನಿ ಟೈರನ್ನು ಬಿಚ್ಚಿಸಿ, ಟ್ರೇಲರಿನ ಬಾಲಕ್ಕೆ ಕಟ್ಟಿಸಿದ್ದ. ಕಾರಿನಲ್ಲಿ ಬಂದು ಹೋಗುವವನಿಗೆ ಐದನೆಯ ಚಕ್ರವೆಂದರೆ ಸ್ಟೆಪ್ನಿಯೇ. ಎದುರಿಗೆ ನಿಂತ ಗಾಡಿಗೆ ಹದಿನೆಂಟು ಚಕ್ರಗಳಿವೆ ಎಂಬುದನ್ನು ಎಣಿಸುವ ಕಷ್ಟವನ್ನೂ ಆ ಮಹಾಶಯ ತೆಗೆದುಕೊಂಡಿರಲಿಲ್ಲ.

ಆಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನಗು ತಡೆದುಕೊಂಡು “ಬಹುತ್ ಅಚ್ಛಾ” ಎಂದೆ. ಗೇಟಿನಾಚೆ ಗಾಡಿ ತೂಗುವ ಧರಮ್ ಕಾಂಟಾ ಇತ್ತು. ಅಲ್ಲಿ ಮುಂದಿನ ಆಕ್ಸಲಿನ ಹೊರೆ ಸಿಕ್ಕಿಬಿದ್ದು ಗಾಡಿ ವಾಪಸ್ ಬರಲಿ, ಮಾವನೆದುರು ಅಳಿಯನ ಮಾನ ಹರಾಜಾಗಲಿ ಎಂಬ ಆಸೆ ನನಗೆ.

ಚಹಾ ಕುಡಿದು ಬಂದ ಡ್ರೈವರ್ ಕೇಳಿದ: “ಸಾಬ್, ಸರಿಯಾಯಿತಾ?”

“ಕಾಂಟಾದವರು ನೋಡ್ತಾರೆ. ಚಲೋ, ಹೊರಡು,” ಎಂದೆ. ನನ್ನ ಮುಖದಲ್ಲಿನ್ನೂ ನಗುವಿತ್ತು. ಅದನ್ನು ನೋಡಿ ಅವನೂ ನಕ್ಕು ಹತ್ತಿ ಕುಳಿತ.

ಹೆಸರಿನಲ್ಲೇ ಧರ್ಮವಿದ್ದ ಕಾಂಟಾ ಒಟ್ಟು ತೂಕವನ್ನಷ್ಟೇ ನೋಡಿ ಗಾಡಿಯನ್ನು ಬಿಟ್ಟುಬಿಟ್ಟಿತು. ನನಗೆ ತಿಳಿಯುವಷ್ಟರಲ್ಲಿ ಅದು ಹೆದ್ದಾರಿ ಸೇರಿತ್ತು. ಫೋನ್ ಮಾಡಬಹುದಿತ್ತು. ಮುಂದಿನ ಊರಿನಲ್ಲಿ ಯಾರಾದರೂ ಹಿಡಿದೇ ಹಿಡಿಯುತ್ತಾರೆ, ಆಗ ಇನ್ನೂ ಚೆನ್ನಾಗಿರುತ್ತದೆ ಎಂದುಕೊಂಡು ಸುಮ್ಮನಾದೆ.

ಮರುದಿನ ಮಯೂರ್ ವಿಹಾರದ ಕನ್ನಡದ ಗೆಳೆಯರ ಮನೆಯಲ್ಲಿ ಸ್ಟೆಪ್ನಿಯ ಕಥೆಯನ್ನು ಅಭಿನಯ ಸಮೇತ ಹೇಳಿದೆ. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. “ಇನ್ನೊಂದ್ಸಲ ಹೇಳಿ ಮಾರಾಯ್ರೇ,” ಎಂದು ಒಬ್ಬರು ಒತ್ತಾಯಿಸಿದಾಗಲೇ ಫೋನ್ ಬಂತು. ಮುಂದಿನ ಟೈರ್ ಸಿಡಿದು ಗಾಡಿ ಡಿವೈಡರಿಗೆ ಗುದ್ದಿತ್ತು. ಡ್ರೈವರನ ಬಲಗೈ ಎರಡು ಕಡೆ ಮುರಿದಿತ್ತು. ಇನ್ನು ಮುಂದೆ ಆ ಕೈ ಸ್ಟೀರಿಂಗ್ ಹಿಡಿಯುವುದು ಅನುಮಾನ ಎಂದರು ಡಾಕ್ಟರು.

ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಕುಳಿತು ಮ್ಯಾನೇಜರನ ಜನ್ಮ ಜಾಲಾಡಿದೆ. ಮೂರ್ಖ, ಅವಿವೇಕಿ, ಫಿಫ್ತ್ ವೀಲಿಗೂ ಸ್ಟೆಪ್ನಿಗೂ ವ್ಯತ್ಯಾಸ ಗೊತ್ತಿಲ್ಲದವನು ಎಂದೆ. ಡ್ರೈವರ್ ಎಲ್ಲವನ್ನೂ ಕೇಳಿಸಿಕೊಂಡ.

“ಅವರಿಗೆ ಗೊತ್ತಿರಲಿಲ್ಲ ಸಾಬ್,” ಎಂದ. “ನಿಮಗೆ ಗೊತ್ತಿತ್ತಲ್ಲ.”